ಪ್ರಶಿಕ್ಷಣಾರ್ಥಿಗಳಿಗೆ ಯಾವ ತಂತ್ರಜ್ಞಾನ ತರಬೇತಿ ಬೇಕು? ಬಿ.ಇಡಿ., ಡಿ.ಇಎಲ್.ಇಡಿ. ಕಾಲೇಜುಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ, ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು ಎಂಟನೇ ತರಗತಿಗೆ ಸಮಾಜ ವಿಜ್ಞಾನದ ಪಾಠ ಮಾಡಲು ಹೋಗಿದ್ದಳು. ಎರಡು ರಾತ್ರಿ ಕೂತು ಸ್ಲೈಡುಗಳನ್ನು ತಯಾರಿಸಿದ್ದಳು. ಕಾಲೇಜಿನ ಕಂಪ್ಯೂಟರಿನಲ್ಲಿ ಅಂದವಾಗಿ ಕಂಡ ಕನ್ನಡ, ಶಾಲೆಯ ಕಂಪ್ಯೂಟರಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಬಂತು. ಮಕ್ಕಳು ನಕ್ಕರು. ಅವಳು ಸುಣ್ಣದಕಡ್ಡಿ ಕೈಗೆತ್ತಿಕೊಂಡು ಹೇಗೋ ಪಾಠ ಮುಗಿಸಿ ಬಂದಳು, ಆದರೆ ಆಮೇಲೆ ಆ ವರ್ಷವೆಲ್ಲ ಪ್ರೊಜೆಕ್ಟರ್ ಮುಟ್ಟಲಿಲ್ಲ.

ವರ್ಷದ ಆರಂಭದಲ್ಲಿ ನಾವು ಹಂಚಿದ್ದ ಸಮೀಕ್ಷೆಯ ಹಾಳೆಯನ್ನು ತೆಗೆದು ನೋಡಿದೆ. 'ಪವರ್‌ಪಾಯಿಂಟ್ ಬಳಸಲು ಬರುತ್ತದೆಯೇ?' ಎಂಬ ಪ್ರಶ್ನೆಗೆ 'ಚೆನ್ನಾಗಿ ಬರುತ್ತದೆ' ಎಂದು ಗುರುತು ಹಾಕಿದ್ದಳು. ಅದು ಸುಳ್ಳಲ್ಲ, ಅವಳಿಗೆ ಬರುತ್ತಿತ್ತು. ನಾವು ಕೇಳಬೇಕಾದ್ದನ್ನು ಕೇಳಿರಲಿಲ್ಲ. ಯಾವ ಸಾಫ್ಟ್‌ವೇರ್ ಗೊತ್ತು ಎಂದು ಕೇಳಿದ್ದೆವು. ಪಾಠ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿಂದ ಅದನ್ನು ಬಿಡಿಸಲು ಏನು ಗೊತ್ತಿರಬೇಕು ಎಂದು ಹುಡುಕಿರಲಿಲ್ಲ.

ಆಮೇಲಿನ ಬ್ಯಾಚುಗಳಲ್ಲಿ ತಿದ್ದುತ್ತ, ತಪ್ಪುತ್ತ ರೂಪಿಸಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದು ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ವಿಷಯ ಬೋಧಿಸುವವರಿಗೆ, ವಿಧಾನಶಾಸ್ತ್ರದ, ಅಂದರೆ ಆಯಾ ವಿಷಯ ಕಲಿಸುವ ಬಗೆ ಹೇಳಿಕೊಡುವ ಉಪನ್ಯಾಸಕರಿಗೆ, ಡಯಟ್‌ಗಳಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ) ಸೇವಾಪೂರ್ವ ತರಬೇತಿ ನೋಡಿಕೊಳ್ಳುವವರಿಗೆ. ಪ್ರಶಿಕ್ಷಣಾರ್ಥಿಗಳೇ ಓದಿ ತಮ್ಮ ಅಗತ್ಯವನ್ನು ತಾವೇ ಅಳೆದುಕೊಂಡರೂ ಸರಿಯೇ.

ಮೊದಲ ಹೆಜ್ಜೆ: ಇಂಟರ್ನ್‌ಶಿಪ್ ಶಾಲೆಗಳನ್ನು ನೋಡಿ ಬನ್ನಿ

ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ) 2014ರ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷದ್ದಾಯಿತು. ಶಾಲಾ ಇಂಟರ್ನ್‌ಶಿಪ್ ಒಟ್ಟು 20 ವಾರ: ಮೊದಲ ವರ್ಷ 4, ಎರಡನೇ ವರ್ಷ 16. ಪ್ರಶಿಕ್ಷಣಾರ್ಥಿ ಕಲಿತ ತಂತ್ರಜ್ಞಾನ ಪರೀಕ್ಷೆಗೊಳಗಾಗುವುದು ಆ 20 ವಾರಗಳಲ್ಲಿ. ಹಾಗಾಗಿ ಅಗತ್ಯದ ಹುಡುಕಾಟವೂ ಆ ಶಾಲೆಗಳಿಂದಲೇ ಶುರುವಾಗಬೇಕು. ಕಾಲೇಜಿನ ಲ್ಯಾಬಿನಲ್ಲಿ ಏನಿದೆ ಎಂಬುದು ಆಮೇಲಿನ ಮಾತು.

ನಿಮ್ಮ ಪ್ರಶಿಕ್ಷಣಾರ್ಥಿಗಳು ಹೋಗುವ ಶಾಲೆಗಳಿಗೆ ಒಂದೊಂದು ಹಾಳೆ ಹಿಡಿದು ಹೋಗಿ. ದಾಸ್ತಾನು ಪುಸ್ತಕ ನೋಡಿ ಬರಬೇಡಿ, ಕೋಣೆಯೊಳಗೆ ನಿಂತು ನೋಡಿ. ಪ್ರೊಜೆಕ್ಟರ್ ಇದೆಯೇ ಎಂಬುದರ ಜತೆಗೆ, ಅದನ್ನು ಈಚೆಗೆ ಯಾವಾಗ ಹಚ್ಚಿದ್ದರು ಎಂದು ಕೇಳಿ. ಕೇಬಲ್ ವಿಜಿಎಯೋ ಎಚ್‌ಡಿಎಂಐಯೋ ನೋಡಿ. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ವಿಜಿಎ ಕೇಬಲಿನಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ವಿಡಿಯೊ ಹಾಕಿ, ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿಗೆ ಇಡೀ ತರಗತಿಯೇ ಕಿವಿಗೊಟ್ಟು ಕೂರುವುದನ್ನು ನಾನು ಕಂಡಿದ್ದೇನೆ. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಜಿಎ ಕಿಂಡಿಯೇ ಇರುವುದಿಲ್ಲ, ಪರಿವರ್ತಕ ಬೇಕಾಗುತ್ತದೆ.

ಹಾಳೆಯಲ್ಲಿ ಇನ್ನೂ ಬರೆದುಕೊಳ್ಳಬೇಕಾದವು: ಕರೆಂಟು ಸಾಮಾನ್ಯವಾಗಿ ಯಾವ ಹೊತ್ತು ಹೋಗುತ್ತದೆ, ಯುಪಿಎಸ್ ಎಷ್ಟು ಹೊತ್ತು ತಾಳುತ್ತದೆ, ತರಗತಿಯೊಳಗೆ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಅಥವಾ ಅಂಗಳಕ್ಕೆ ಬರಬೇಕೇ, ಮಧ್ಯಾಹ್ನ ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳುತ್ತದೆಯೇ, ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಬಳಿ ಇರುತ್ತದೆ. ಕೊನೆಯದು ನಗಣ್ಯ ಎನಿಸಬಾರದು. ಮುಖ್ಯೋಪಾಧ್ಯಾಯರು ಬಿಇಒ ಕಚೇರಿಗೆ ಹೋದ ದಿನ ಬೀಗದ ಕೈಯೂ ಹೋಗಿಬಿಟ್ಟರೆ ಆ ದಿನದ ಪಾಠಯೋಜನೆ ಪುಸ್ತಕದಲ್ಲೇ ಉಳಿಯುತ್ತದೆ.

ಹೀಗೆ ಹತ್ತು ಶಾಲೆಯ ಹಾಳೆಗಳನ್ನು ಮೇಜಿನ ಮೇಲೆ ಹರಡಿ ನೋಡಿದರೆ ನಿಮ್ಮ ಪಠ್ಯಕ್ರಮದ ಅರ್ಧ ಅಲ್ಲೇ ಸಿಗುತ್ತದೆ. ಹೆಚ್ಚಿನ ಶಾಲೆಗಳಲ್ಲಿ ಅಂತರ್ಜಾಲ ನಂಬುವ ಹಾಗಿಲ್ಲವೆಂದಾದರೆ, ಇಳಿಸಿಟ್ಟುಕೊಂಡು ಬಳಸುವುದನ್ನು ಮೊದಲು ಕಲಿಸಬೇಕು. ಒಂದೇ ಟಿವಿ, ನಾಲ್ಕು ತರಗತಿ ಎಂದಾದರೆ ಆರು ನಿಮಿಷದ ಬಳಕೆಗೆ ಪಾಠ ಹೊಂದಿಸುವುದನ್ನು ಕಲಿಸಬೇಕು.

ಎರಡನೇ ಹೆಜ್ಜೆ: ಪ್ರಶ್ನಾವಳಿ ಬಿಡಿ, ಕೆಲಸ ಕೊಟ್ಟು ನೋಡಿ

ತಮಗೆ ಎಷ್ಟು ಗೊತ್ತು ಎಂದು ಕೇಳಿದರೆ ಕೆಲವರು ಹೆಚ್ಚು ಹೇಳುತ್ತಾರೆ, ಕೆಲವರು ಸಂಕೋಚದಿಂದ ಕಡಿಮೆ ಹೇಳುತ್ತಾರೆ. ಅದರಲ್ಲೂ ಹಳ್ಳಿಯಿಂದ ಬಂದ ಹುಡುಗಿಯರು ಬರುವುದನ್ನೂ ಬರುವುದಿಲ್ಲ ಎನ್ನುವುದು ಹೆಚ್ಚು. ಹಾಗಾಗಿ ಮೊದಲ ತಿಂಗಳಲ್ಲೇ, ಅಂಕವಿಲ್ಲದ, ಒಟ್ಟು ಒಂದೂವರೆ ಗಂಟೆಯ ಐದು ಕೆಲಸಗಳನ್ನು ಕೊಡಿ. ಇದು ಪರೀಕ್ಷೆಯಲ್ಲ ಎಂದು ಮೊದಲೇ ಬಾಯಿಬಿಟ್ಟು ಹೇಳಿ.

ಒಂದು, ಕನ್ನಡದಲ್ಲಿ ಐದು ಸಾಲು ಟೈಪಿಸಿ ಪಕ್ಕದವರಿಗೆ ಕಳಿಸುವುದು. ಆ ಸಾಲುಗಳಲ್ಲಿ ಸೂರ್ಯ, ಸ್ವಾತಂತ್ರ್ಯ, ರಾಷ್ಟ್ರಪತಿ, ವಿಜ್ಞಾನ, ರ‍್ಯಾಂಕ್ ಎಂಬ ಪದಗಳಿರಲಿ. ಪಕ್ಕದವರ ಫೋನಿನಲ್ಲಿ ಅದು ಹಾಗೇ ತೆರೆದುಕೊಳ್ಳಬೇಕು.

ಎರಡು, ತಾವು ಕಲಿಸುವ ಯಾವುದೇ ಒಂದು ಪಾಠಕ್ಕೆ ಒಂದು ಚಿತ್ರ ಹುಡುಕಿ, ಅದನ್ನು ಬಳಸಲು ಅನುಮತಿ ಇದೆಯೇ, ಅದನ್ನು ಮಾಡಿದವರು ಯಾರು ಎಂದು ಕೆಳಗೆ ಬರೆಯುವುದು.

ಮೂರು, ಹತ್ತು ಮಕ್ಕಳ ಎರಡು ಪರೀಕ್ಷೆಗಳ ಅಂಕಗಳನ್ನು ಸ್ಪ್ರೆಡ್‌ಶೀಟಿನಲ್ಲಿ ತುಂಬಿ, ಸರಾಸರಿ ತೆಗೆದು, ಎರಡನೇ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಯಾರೆಂದು ಹೇಳುವುದು. ಕ್ಯಾಲ್ಕುಲೇಟರ್ ಒತ್ತಿ ಉತ್ತರವನ್ನು ಕೋಶದಲ್ಲಿ ಬರೆಯುವವರು ಸಿಗುತ್ತಾರೆ, ಅದನ್ನು ಗುರುತು ಹಾಕಿಕೊಳ್ಳಿ.

ನಾಲ್ಕು, ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ ಚಿತ್ರವನ್ನೂ ಧ್ವನಿಯನ್ನೂ ಬರಿಸುವುದು.

ಐದು, ವಾಟ್ಸ್‌ಆಪಿನಲ್ಲಿ ಹರಿದಾಡಿದ ಒಂದು ಆರೋಗ್ಯದ ಅಥವಾ ಇತಿಹಾಸದ ಹೇಳಿಕೆ ಕೊಟ್ಟು, ನಿಜವೋ ಸುಳ್ಳೋ, ಹೇಗೆ ತಿಳಿದಿರಿ ಎಂದು ಕೇಳುವುದು.

ಪ್ರತಿ ಕೆಲಸಕ್ಕೂ ಮೂರೇ ಗುರುತು ಸಾಕು: ತಾನಾಗಿ ಮಾಡಿದರು, ಒಂದು ಸುಳಿವು ಕೊಟ್ಟ ಮೇಲೆ ಮಾಡಿದರು, ಸುಳಿವು ಕೊಟ್ಟರೂ ಆಗಲಿಲ್ಲ. ಗುರುತಿಗಿಂತ ಮುಖ್ಯವಾದದ್ದು ಪಕ್ಕದಲ್ಲಿ ಬರೆಯುವ ಒಂದು ಸಾಲು: ಎಲ್ಲಿ ನಿಂತರು? 'ಫೈಲ್ ಉಳಿಸಿದರು, ಎಲ್ಲಿ ಉಳಿಸಿದರೆಂದು ಸಿಗಲಿಲ್ಲ' ಎಂಬಂಥ ಸಾಲುಗಳು ಬೇಕು. ಫೋನಿನಲ್ಲೇ ಬೆಳೆದ ಈಗಿನ ಪ್ರಶಿಕ್ಷಣಾರ್ಥಿಗಳಿಗೆ ವಿಡಿಯೊ ಕತ್ತರಿಸಿ ಜೋಡಿಸುವುದು ನೀರು ಕುಡಿದಷ್ಟು ಸುಲಭ. ಫೋಲ್ಡರ್ ಎಂಬ ಕಲ್ಪನೆ ಹಲವರಿಗೆ ಹೊಸತು. ಹತ್ತು ವರ್ಷಗಳ ಹಿಂದಿನ ಬ್ಯಾಚಿಗೆ ಇದು ತಿರುಗುಮುರುಗಾಗಿತ್ತು. ಹಳೆಯ ಟಿಪ್ಪಣಿಯನ್ನೇ ಪ್ರತಿ ವರ್ಷ ಬೋಧಿಸಿದರೆ ಬರುವುದನ್ನೇ ಮತ್ತೆ ಕಲಿಸುತ್ತೇವೆ, ಬಾರದ್ದು ಬಾರದೇ ಉಳಿಯುತ್ತದೆ.

ಕೆಲಸ ಮುಗಿದ ಮೇಲೆ ಐದಾರು ಜನರ ಗುಂಪಿನಲ್ಲಿ ಕೂತು ಮಾತಾಡಿ. ಮಹಿಳೆಯರ ಗುಂಪಿನೊಂದಿಗೆ ಮಹಿಳಾ ಉಪನ್ಯಾಸಕರೇ ಪ್ರತ್ಯೇಕವಾಗಿ ಮಾತಾಡಿದರೆ ಒಳ್ಳೆಯದು. ಫೋನು ಯಾರದು, ರಾತ್ರಿ ಅದು ಯಾರ ಕೈಯಲ್ಲಿರುತ್ತದೆ, ರೀಚಾರ್ಜ್ ಮಾಡಿಸುವವರು ಯಾರು ಎಂದು ಕೇಳಿದಾಗ ಮಾತ್ರ ಹೊರಬರುವ ಸಂಗತಿಗಳಿವೆ. ಮದುವೆಯಾಗಿ, ಮಗುವಿಟ್ಟುಕೊಂಡು, ದಿನಕ್ಕೆರಡು ಬಸ್ಸು ಬದಲಿಸಿ ಬರುವವಳಿಗೆ 'ಮನೆಯಲ್ಲಿ ಕೂತು ಆನ್‌ಲೈನ್ ಕೋರ್ಸ್ ಮಾಡು' ಎಂದರೆ ಏನೂ ಕಲಿಸಿದಂತಾಗಲಿಲ್ಲ. ಅವಳಿಗೆ ಬೇಕಾಗಿರುವುದು ಕಾಲೇಜಿನ ವೇಳಾಪಟ್ಟಿಯೊಳಗೇ ಕೀಲಿಮಣೆ ಸಿಗುವ ಎರಡು ಗಂಟೆ. ಇದನ್ನು ಕೌಶಲದ ಕೊರತೆ ಎಂದು ಬರೆಯಬೇಡಿ, ಅವಕಾಶದ ಕೊರತೆ ಎಂದು ಬೇರೆ ಕಾಲಮಿನಲ್ಲಿ ಬರೆಯಿರಿ.

ಕನ್ನಡ ಟೈಪಿಂಗಿಗೆ ಮೊದಲ ಎರಡು ವಾರ

ಇದಕ್ಕೆ ಇಷ್ಟು ಜಾಗ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಕನ್ನಡ ಮಾಧ್ಯಮದಲ್ಲಿ ಕಲಿಸುವವರಿಗೆ ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ಆರಂಭದ ಘಟನೆಯಲ್ಲಿ ಆ ಹುಡುಗಿಯ ಸ್ಲೈಡುಗಳು ಕೆಟ್ಟದ್ದು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಿಂದ. ಆ ಬಗೆಯ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ಫಾಂಟು ಅವುಗಳ ಮೇಲೆ ಕನ್ನಡದ ರೂಪ ತೊಡಿಸುತ್ತದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತದೆ. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಆದ್ದರಿಂದ ಅದು ಫೋನಿನಲ್ಲೂ, ದೀಕ್ಷಾ ಎಂಬ ಸರಕಾರಿ ಕಲಿಕಾ ತಾಣದಲ್ಲೂ, ಗೂಗಲ್ ಫಾರ್ಮಿನಲ್ಲೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ, ಹುಡುಕಿದರೆ ಸಿಗುತ್ತದೆ.

ಈ ವ್ಯತ್ಯಾಸವನ್ನು ಉಪನ್ಯಾಸದಲ್ಲಿ ಹೇಳಬೇಡಿ, ಮಾಡಿ ತೋರಿಸಿ. ಹಳೆಯ ಫಾಂಟಿನ ಒಂದು ಪ್ಯಾರಾವನ್ನೂ ಯೂನಿಕೋಡಿನ ಒಂದು ಪ್ಯಾರಾವನ್ನೂ ಪ್ರತಿಯೊಬ್ಬರ ಫೋನಿಗೆ ಕಳಿಸಿ. ಆಮೇಲೆ ಹಳೆಯದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಿಸಿ, ಪರಿವರ್ತನೆಯಲ್ಲಿ ತಪ್ಪಿದ ಒತ್ತಕ್ಷರಗಳನ್ನು ಅವರೇ ತಿದ್ದಲಿ. ಸೀನಿಯರುಗಳಿಂದ ಬಂದ ಪಾಠಯೋಜನೆಗಳಲ್ಲಿ ಹಳೆಯ ಫಾಂಟಿನವು ಎಷ್ಟೋ ಇರುತ್ತವೆ, ಅವನ್ನೇ ಅಭ್ಯಾಸಕ್ಕೆ ಕೊಡಿ.

ಕೀಲಿಮಣೆಯ ಆಯ್ಕೆಯಲ್ಲಿ ಹಟ ಬೇಡ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕಂಪ್ಯೂಟರಿನಲ್ಲಿ ಹೆಚ್ಚು ಬರೆಯುವವರು ಅದನ್ನು ಕಲಿತರೆ ಬದುಕಿಡೀ ಉಪಯೋಗಕ್ಕೆ ಬರುತ್ತದೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವವರು ಹಾಗೇ ಮುಂದುವರಿಯಲಿ, ಮಾತಾಡಿ ಬರೆಸುವವರು ಕೊನೆಗೆ ತಪ್ಪು ತಿದ್ದುವುದನ್ನು ಕಲಿಯಲಿ. ಆದರೆ 'ರ‍್ಯಾಂಕ್' ಎಂಬುದು 'ರ್ಯಾಂಕ್' ಆಗದಂತೆ ಬರೆಯುವುದು ಎಲ್ಲರಿಗೂ ಬರಬೇಕು. ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ನಡುವೆ ಬಂದರೆ ಮಾತ್ರ ಅದು ಸರಿಯಾಗುತ್ತದೆ. ಶಿಕ್ಷಕರು ಪರದೆಯ ಮೇಲೆ ತಪ್ಪಾಗಿ ಬರೆದದ್ದನ್ನು ಮಕ್ಕಳು ತಪ್ಪಾಗಿಯೇ ನಕಲು ಮಾಡಿಕೊಳ್ಳುತ್ತಾರೆ.

ಯೂನಿಕೋಡಿನ ಪರವಾಗಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಇನ್ನೊಂದು. ಕಣ್ಣು ಕಾಣದ ಪ್ರಶಿಕ್ಷಣಾರ್ಥಿಗಳು ಎನ್‌ವಿಡಿಎ ಅಥವಾ ಫೋನಿನ ಟಾಕ್‌ಬ್ಯಾಕ್ ಬಳಸಿ ಓದುತ್ತಾರೆ. ಆ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಓದಿ ಹೇಳುತ್ತದೆ. ಹಳೆಯ ಫಾಂಟಿನ ಕಡತವನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಒದರುತ್ತದೆ. ಒಬ್ಬ ಸಹಪಾಠಿಗೆ ಟಿಪ್ಪಣಿಯ ಬಾಗಿಲು ಮುಚ್ಚುತ್ತಿದೆ ಎಂದು ಕಿವಿಯಾರೆ ಕೇಳಿದ ಮೇಲೆ ಯಾವ ಪ್ರಶಿಕ್ಷಣಾರ್ಥಿಯೂ ಹಳೆಯ ಫಾಂಟಿಗೆ ಮರಳಿದ್ದನ್ನು ನಾನು ನೋಡಿಲ್ಲ. ಸ್ಕ್ಯಾನ್ ಮಾಡಿ ಚಿತ್ರವಾಗಿಸಿದ ಪಿಡಿಎಫ್‌ನ ಪಾಡೂ ಇದೇ, ಅದನ್ನೂ ಅದೇ ದಿನ ಕೇಳಿಸಿ.

ಮೂರನೇ ಹೆಜ್ಜೆ: ಪಾಠದ ಗಂಟು ಹುಡುಕಿ

ಬೋಧನೆಗೆ ವಿಷಯಜ್ಞಾನವೂ ಬೇಕು, ಬೋಧನಾ ವಿಧಾನವೂ ಬೇಕು, ಇವೆರಡೂ ಬೆರೆತಾಗ ಹುಟ್ಟುವ ಜ್ಞಾನವೇ ಶಿಕ್ಷಕರದು ಎಂದು ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಯ್ಲರ್ 2006ರಲ್ಲಿ ಅದಕ್ಕೆ ತಂತ್ರಜ್ಞಾನದ ಜ್ಞಾನವನ್ನು ಸೇರಿಸಿ ಟಿಪ್ಯಾಕ್ ಎಂಬ ಚೌಕಟ್ಟು ಕೊಟ್ಟರು. ಪರೀಕ್ಷೆಗೆ ನಮ್ಮವರು ಇದರ ಮೂರು ವೃತ್ತಗಳ ಚಿತ್ರ ಬರೆಯುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆ. ಅದನ್ನು ಕೆಲಸಕ್ಕೆ ಹಚ್ಚುವ ದಾರಿ ಸರಳವಾಗಿದೆ: ಪ್ರತಿ ವಿಧಾನಶಾಸ್ತ್ರದ ಗುಂಪು ತನ್ನ ಪಠ್ಯಪುಸ್ತಕ ತೆರೆದು, ಮಕ್ಕಳು ಎಡವುವ ಐದು ಜಾಗಗಳನ್ನು ಗುರುತಿಸಲಿ. ಆ ಎಡವು ಕಪ್ಪುಹಲಗೆಯಿಂದ ಪರಿಹಾರವಾಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಲಿ. ಆಗದಿದ್ದಲ್ಲಿ ಮಾತ್ರ ತಂತ್ರಜ್ಞಾನದ ಮಾತು.

ಗಣಿತದವರು ಥೇಲ್ಸ್‌ನ ಪ್ರಮೇಯ ತೆಗೆದುಕೊಂಡರು ಎನ್ನಿ. ಹಲಗೆಯ ಮೇಲೆ ಬರೆದ ತ್ರಿಭುಜ ಒಂದೇ ತ್ರಿಭುಜ. ಎಲ್ಲ ತ್ರಿಭುಜಕ್ಕೂ ಇದು ನಿಜ ಎಂಬುದು ಮಗುವಿಗೆ ನಂಬಿಕೆಯಾಗಿ ಉಳಿಯುತ್ತದೆ, ಅನುಭವಕ್ಕೆ ಬರುವುದಿಲ್ಲ. ಜಿಯೋಜೀಬ್ರಾದಲ್ಲಿ ಶೃಂಗ ಹಿಡಿದು ಎಳೆದರೆ ತ್ರಿಭುಜ ಬದಲಾಗುತ್ತದೆ, ಅನುಪಾತ ಮಾತ್ರ ಕದಲದೆ ನಿಲ್ಲುತ್ತದೆ. ಮಾರ್ಕುಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗಿನಲ್ಲಿ ಶುರುಮಾಡಿದ ಈ ಉಚಿತ ತಂತ್ರಾಂಶವನ್ನು ಅಂತರ್ಜಾಲವಿಲ್ಲದೆಯೂ ನಡೆಸಬಹುದು. ಕಲಿಸಬೇಕಾದ ಕೌಶಲ ಇಷ್ಟೇ: ಬಿಂದು, ರೇಖೆ, ಸಮಾಂತರ ರೇಖೆ, ಅಳತೆ, ಸ್ಲೈಡರ್. ಅದರ ಇಡೀ ಪರಿಕರಪಟ್ಟಿ ಬೇಡ.

ವಿಜ್ಞಾನಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅನುಕರಣೆಗಳಿವೆ, ಅಂದರೆ ಪ್ರಯೋಗವನ್ನು ಪರದೆಯ ಮೇಲೆ ಮಾಡಿ ನೋಡುವ ಸಿಮ್ಯುಲೇಷನ್ನುಗಳು. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಈ ಯೋಜನೆಯ ಕೆಲವು ಅನುಕರಣೆಗಳು ಕನ್ನಡದಲ್ಲೂ ಸಿಗುತ್ತವೆ, ಇಳಿಸಿಟ್ಟುಕೊಳ್ಳಬಹುದು. ಇಲ್ಲಿ ನನ್ನದೊಂದು ನಿಲುವಿದೆ: ವಿದ್ಯುನ್ಮಂಡಲದ ಅನುಕರಣೆ ತೋರಿಸುವ ಮುಂಚೆ ಮಕ್ಕಳ ಕೈಗೆ ನಿಜವಾದ ಸೆಲ್ಲು, ತಂತಿ, ಬಲ್ಬು ಬರಬೇಕು. ಬಲ್ಬು ಉರಿಯದೆ ತಲೆ ಕೆರೆದುಕೊಂಡ ಮಗುವಿಗೆ, ತಂತಿಯೊಳಗೆ ಎಲೆಕ್ಟ್ರಾನುಗಳು ಹರಿಯುವ ಚಿತ್ರ ಅರ್ಥವಾಗುತ್ತದೆ. ನೇರವಾಗಿ ಪರದೆಗೆ ಹೋದರೆ ಅದೊಂದು ಆಟ. ಇನ್ನು, ಫೋನಿನ ಕ್ಯಾಮೆರಾವೇ ಒಂದು ಪ್ರಯೋಗಶಾಲೆ ಎಂಬುದನ್ನು ವಿಜ್ಞಾನದವರು ಮರೆಯಬಾರದು. ಹೆಸರುಕಾಳು ಮೊಳೆಯುವುದನ್ನು ಟೈಮ್‌ಲ್ಯಾಪ್ಸ್‌ನಲ್ಲಿ, ಚೆಂಡು ಪುಟಿಯುವುದನ್ನು ಸ್ಲೋಮೋಷನ್ನಿನಲ್ಲಿ ಹಿಡಿಯುವುದಕ್ಕೆ ಯಾವ ಅನುದಾನವೂ ಬೇಡ.

ಸಮಾಜ ವಿಜ್ಞಾನದವರ ಗಂಟು ಬಹುಪಾಲು ನಕ್ಷೆಯಲ್ಲಿರುತ್ತದೆ. ಇಸ್ರೊ 2009ರಲ್ಲಿ ತಂದ ಭುವನ್ ಅಥವಾ ಗೂಗಲ್ ಅರ್ಥ್‌ನಲ್ಲಿ ಮೊದಲು ಶಾಲೆಯ ಚಾವಣಿ ಹುಡುಕಿಸಿ, ಅಲ್ಲಿಂದ ಊರಿನ ಕೆರೆ, ಹಳ್ಳ ಸೇರುವ ಹೊಳೆ, ಹೊಳೆ ಸೇರುವ ತುಂಗಭದ್ರೆ ಅಥವಾ ಕೃಷ್ಣೆ ಎಂದು ಸರಿಯುತ್ತ ಹೋಗಲಿ. ಮಗು ತನ್ನ ಮನೆಯಿಂದ ಹೊರಟರೆ ನದಿವ್ಯವಸ್ಥೆ ಎಂಬ ಪದ ಬಾಯಿಪಾಠದ ಪದವಾಗಿ ಉಳಿಯುವುದಿಲ್ಲ. ಸಿಗ್ನಲ್ ಇಲ್ಲದ ಶಾಲೆಗೆ ಹೋಗುವವರು ಪರದೆಯ ಮೇಲಿನ ಇದನ್ನು ಹಿಂದಿನ ದಿನವೇ ಧ್ವನಿ ಸಹಿತ ವಿಡಿಯೊ ಮಾಡಿ ಇಟ್ಟುಕೊಳ್ಳಬೇಕು.

ಕನ್ನಡ ವಿಧಾನಶಾಸ್ತ್ರದವರು 'ನಮಗೆ ಇದೆಲ್ಲ ಯಾಕೆ' ಎನ್ನುವುದುಂಟು. ನನ್ನ ಮಟ್ಟಿಗೆ ಹೆಚ್ಚು ಲಾಭ ಅವರಿಗೇ. ಕುಮಾರವ್ಯಾಸನ ಷಟ್ಪದಿ ಮೌನವಾಗಿ ಓದುವ ಪದ್ಯವಲ್ಲ. ಭಾಮಿನಿಯ ಮೂರು-ನಾಲ್ಕು ಮಾತ್ರೆಯ ಲಯ ಕಿವಿಗೆ ಬಿದ್ದ ಮೇಲೆ ಪ್ರಸ್ತಾರ ಹಾಕುವುದು ಸುಲಿದ ಬಾಳೆಹಣ್ಣು. ಊರಿನಲ್ಲಿ ಗಮಕ ಬಲ್ಲವರಿದ್ದರೆ ಅವರ ಅನುಮತಿ ಪಡೆದು ಫೋನಿನಲ್ಲಿ ಧ್ವನಿ ಹಿಡಿಯಿರಿ, ಅಡಾಸಿಟಿಯಲ್ಲಿ ಗದ್ದಲ ತೆಗೆದು ಸಾಲುಸಾಲಾಗಿ ತುಂಡರಿಸಿ. ಮಕ್ಕಳು ಕೇಳುತ್ತ ಗಣ ವಿಂಗಡಿಸಲಿ. ಪರದೆಯೇ ಬೇಡದ, ಒಂದು ಫೋನು ಮತ್ತು ಸ್ಪೀಕರಿನಲ್ಲಿ ನಡೆಯುವ ಪಾಠ ಇದು. ಕರೆಂಟು ಹೋದರೂ ನಿಲ್ಲುವುದಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ಕಲಿಸಲು ತಯಾರಾಗುವ ಡಿ.ಇಎಲ್.ಇಡಿ.ಯವರ ಲೆಕ್ಕ ಬೇರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯ ತರಗತಿಯಲ್ಲಿ ಮಕ್ಕಳು ಕಾರ್ಡು ಹಿಡಿದು ಗುಂಪಿನಿಂದ ಗುಂಪಿಗೆ ಸಾಗುತ್ತಾರೆ. ಅಲ್ಲಿ ಎಲ್ಲರನ್ನೂ ಒಂದೇ ಪರದೆಗೆ ತಿರುಗಿಸಿ ಕೂರಿಸಿದರೆ ಪದ್ಧತಿಯೇ ಮುರಿಯುತ್ತದೆ. ಅವರಿಗೆ ಬೇಕಾದದ್ದು ಹಾಡು, ಕಥೆಯ ಧ್ವನಿಮುದ್ರಣ, ದೊಡ್ಡ ಅಕ್ಷರದ ಮುದ್ರಿತ ಕಾರ್ಡು ಮಾಡುವ ಕೌಶಲ, ಮಗುವಿನ ಓದನ್ನು ತಿಂಗಳಿಗೊಮ್ಮೆ ಧ್ವನಿಮುದ್ರಿಸಿ ಪ್ರಗತಿ ಕೇಳುವ ಅಭ್ಯಾಸ.

ಸಿದ್ಧ ಸಾಮಗ್ರಿ ಹುಡುಕುವಾಗ 2017ರ ಶಿಕ್ಷಕರ ದಿನಾಚರಣೆಯಂದು ಆರಂಭವಾದ ದೀಕ್ಷಾ, ಪಠ್ಯಪುಸ್ತಕಗಳ ಕ್ಯೂಆರ್ ಸಂಕೇತಗಳು, ಡಿಎಸ್‌ಇಆರ್‌ಟಿ (ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ, ವಿಕಿಮೀಡಿಯ ಕಾಮನ್ಸ್ ಇವುಗಳಿಂದ ಶುರುಮಾಡಿಸಿ. ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಎಂಬ, ಅಂತರ್ಜಾಲವಿಲ್ಲದೆ ಓದಿಸುವ ತಂತ್ರಾಂಶದ ಮೂಲಕ ಪೆನ್‌ಡ್ರೈವಿನಲ್ಲಿ ಒಯ್ಯಬಹುದೆಂದು ತೋರಿಸಿ.

ನಾಲ್ಕನೇ ಹೆಜ್ಜೆ: ಮೂರು ರಾಶಿ ಮಾಡಿ

ಈಗ ನಿಮ್ಮ ಬಳಿ ಶಾಲೆಯ ಹಾಳೆಗಳು, ಕೆಲಸದ ಗುರುತುಗಳು, ವಿಷಯವಾರು ಗಂಟುಗಳು ಇವೆ. ಅಗತ್ಯಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಮೂರು ರಾಶಿ ಮಾಡಿ: ಮೊದಲ 4 ವಾರದ ಇಂಟರ್ನ್‌ಶಿಪ್‌ಗೆ ಮುನ್ನ ಬರಲೇಬೇಕಾದವು, 16 ವಾರದ ಇಂಟರ್ನ್‌ಶಿಪ್‌ನೊಳಗೆ ಬರಬೇಕಾದವು, ಕೆಲಸ ಸಿಕ್ಕ ಮೇಲೆ ಕಲಿತರೂ ಆಗುವಂಥವು. ಮೊದಲ ರಾಶಿಯಲ್ಲಿ ಏಳೆಂಟಕ್ಕಿಂತ ಹೆಚ್ಚು ಚೀಟಿ ಬಂದರೆ ಕೆಲವನ್ನು ಕೆಳಗಿಳಿಸಿ. ನನ್ನ ಅನುಭವದಲ್ಲಿ ಅಲ್ಲಿ ಉಳಿಯುವವು ಕನ್ನಡ ಯೂನಿಕೋಡ್, ಕಡತ ನಿರ್ವಹಣೆ, ಪ್ರೊಜೆಕ್ಟರ್ ಜೋಡಣೆ, ಇಳಿಸಿಟ್ಟುಕೊಂಡು ಬಳಸುವುದು, ವಿಷಯಕ್ಕೆ ಹೊಂದುವ ಒಂದೇ ಒಂದು ತಂತ್ರಾಂಶ, ಮಾಹಿತಿಯ ಸತ್ಯ ಪರಿಶೀಲನೆ, ಮಕ್ಕಳ ಚಿತ್ರ ಮತ್ತು ಹೆಸರಿನ ಬಗ್ಗೆ ಎಚ್ಚರ.

ಕೊನೆಯದನ್ನು ಕಡೆಗಣಿಸುವುದು ಸುಲಭ. ಬೋಧನಾಭ್ಯಾಸದ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವುದು ಈಗ ರೂಢಿ. ಚಿತ್ರದಲ್ಲಿ ಮಕ್ಕಳ ಮುಖ, ಸಮವಸ್ತ್ರ, ಹಲಗೆಯ ಮೇಲೆ ಶಾಲೆಯ ಹೆಸರು ಎಲ್ಲ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಆ ಮಕ್ಕಳ ತಂದೆತಾಯಿ ನಮ್ಮನ್ನು ನಂಬಿ ಶಾಲೆಗೆ ಕಳಿಸಿದ್ದಾರೆ. ದಾಖಲೆಗೆ ಫೋಟೊ ಬೇಕಿದ್ದರೆ ಮಕ್ಕಳ ಬೆನ್ನ ಹಿಂದಿನಿಂದ ತೆಗೆಯುವುದನ್ನು ಕಲಿಸಿ.

ಐದನೇ ಹೆಜ್ಜೆ: ಅಣುಬೋಧನೆಯೊಳಗೆ ತಂತ್ರಜ್ಞಾನ ತನ್ನಿ, ಆಮೇಲೆ ಪ್ಲಗ್ ಕಿತ್ತು ನೋಡಿ

ಐಸಿಟಿ ಪಾಠ ಒಂದು ಕಡೆ, ವಿಧಾನಶಾಸ್ತ್ರ ಇನ್ನೊಂದು ಕಡೆ ನಡೆದರೆ ಎರಡೂ ಕೂಡುವುದೇ ಇಲ್ಲ. ಕೂಡಿಸಲು ಅಣುಬೋಧನೆಯಷ್ಟು, ಅಂದರೆ ಸಹಪಾಠಿಗಳ ಮುಂದೆ ಕೆಲವೇ ನಿಮಿಷ ಮಾಡುವ ಅಭ್ಯಾಸಪಾಠದಷ್ಟು, ಒಳ್ಳೆಯ ಜಾಗ ಬೇರೆ ಇಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಭಾರತೀಯ ಮಾದರಿಯ ಚಕ್ರ 36 ನಿಮಿಷದ್ದು: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6.

ಮೊದಲ ಆರು ನಿಮಿಷದಲ್ಲಿ ಪ್ರಶಿಕ್ಷಣಾರ್ಥಿ ತಾನು ಆರಿಸಿದ ಸಾಧನ ಬಳಸಿ ಪಾಠ ಮಾಡಲಿ. ಹಿಮ್ಮಾಹಿತಿಯಲ್ಲಿ ಸಹಪಾಠಿಗಳು ಹೇಳಬೇಕಾದ್ದು ಎರಡೇ ಮಾತು: ಸಾಧನವಿಲ್ಲದಿದ್ದರೆ ಏನು ಅರ್ಥವಾಗುತ್ತಿರಲಿಲ್ಲ? ಶಿಕ್ಷಕರ ಕಣ್ಣು ಮಕ್ಕಳ ಮೇಲಿತ್ತೋ ಪರದೆಯ ಮೇಲಿತ್ತೋ? ಮರುಬೋಧನೆಯ ನಡುವೆ, ಮೊದಲೇ ಹೇಳದೆ, ಪ್ರೊಜೆಕ್ಟರಿನ ಪ್ಲಗ್ ತೆಗೆಯಿರಿ. ಅಲ್ಲಿಂದ ಪಾಠ ಮುಂದುವರಿಯಬೇಕು. ಮೊದಲ ಸಲ ಎಲ್ಲರೂ ತಡಬಡಾಯಿಸುತ್ತಾರೆ. ಎರಡನೇ ಸಲಕ್ಕೆ ಪಾಠಯೋಜನೆಯ ಅಂಚಿನಲ್ಲಿ 'ಕರೆಂಟು ಹೋದರೆ' ಎಂಬ ಒಂದು ಸಾಲು ತಾನಾಗಿ ಬರುತ್ತದೆ. ಆ ಸಾಲನ್ನು ನಾನು ಈಗ ಪ್ರತಿ ಪಾಠಯೋಜನೆಯಲ್ಲೂ ಕಡ್ಡಾಯ ಮಾಡಿದ್ದೇನೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನದಲ್ಲಿ ಸಂವೇದ ಪಾಠಗಳು ಬಂದವು, ವಿದ್ಯಾಗಮದಲ್ಲಿ ಶಿಕ್ಷಕರು ಊರಿನ ಗುಡಿಯ ಕಟ್ಟೆಗೂ ಮರದ ನೆರಳಿಗೂ ಹೋದರು. ಎರಡಕ್ಕೂ ಸಿದ್ಧರಿದ್ದ ಶಿಕ್ಷಕರೇ ಮಕ್ಕಳ ಜತೆ ಉಳಿದರು.

ವಾರಕ್ಕೆ ಎರಡು ಗಂಟೆಯ ಎರಡು ಅವಧಿ ಸಿಕ್ಕರೆ ಎಂಟು ವಾರದಲ್ಲಿ ಮೊದಲ ರಾಶಿ ಮುಗಿಯುತ್ತದೆ. ಬಲ್ಲವರನ್ನೂ ಬಾರದವರನ್ನೂ ಜೋಡಿ ಮಾಡಿ. ಕೀಲಿಮಣೆ ಮತ್ತು ಮೌಸ್ ಬಾರದವರ ಕೈಯಲ್ಲೇ ಇರಬೇಕು, ಬಲ್ಲವರು ಬಾಯಲ್ಲಿ ಹೇಳಬೇಕು. ಈ ಒಂದು ನಿಯಮ ಸಡಿಲವಾದರೆ ಬಲ್ಲವರೇ ಮಾಡಿಮುಗಿಸುತ್ತಾರೆ.

ಕೃತಕ ಬುದ್ಧಿಮತ್ತೆಯನ್ನು ಬಚ್ಚಿಡಬೇಡಿ

ಪಾಠಯೋಜನೆಗಳನ್ನು ಚಾಟ್‌ಜಿಪಿಟಿಯಂಥ ಸಾಧನಗಳಿಂದ ಬರೆಸಿ ತರುವುದು ಎಲ್ಲೆಡೆ ನಡೆದಿದೆ. ನಿಷೇಧಿಸಿದರೆ ಮರೆಯಲ್ಲಿ ನಡೆಯುತ್ತದೆ. ಅದರ ಬದಲು ತರಗತಿಯಲ್ಲೇ ಒಂದು ಪಾಠಯೋಜನೆ ಬರೆಸಿ, ಮುದ್ರಿಸಿ, ಕೆಂಪು ಪೆನ್ನು ಕೊಡಿ. ಹಲ್ಮಿಡಿ ಶಾಸನದ ಪಾಠವೆನ್ನಿ: ಇಸವಿ, ಊರು, ರಾಜನ ಹೆಸರುಗಳನ್ನು ಪಠ್ಯಪುಸ್ತಕದ ಜತೆ ಒಂದೊಂದಾಗಿ ಹೋಲಿಸಲಿ. ಕನ್ನಡವಾಗಿ ಕಾಣುವ, ಆದರೆ ಕನ್ನಡ ಮಾತಾಡುವ ಯಾರ ಬಾಯಲ್ಲೂ ಬರದ ವಾಕ್ಯಗಳಿಗೆ ಗೆರೆ ಎಳೆಯಲಿ. 'ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಿ ಚರ್ಚಿಸಲು ಹೇಳುವುದು' ಎಂದಿರುವಲ್ಲಿ, ನೀವು ಹೋಗುವ ಶಾಲೆಯ ಅರುವತ್ತು ಮಕ್ಕಳ ಕೋಣೆಯಲ್ಲಿ ಅದು ಹೇಗೆ ಸಾಧ್ಯ ಎಂದು ಬರೆಯಲಿ. ಮಕ್ಕಳ ಹೆಸರು, ಅಂಕ, ಮನೆಯ ಪರಿಸ್ಥಿತಿ ಇಂಥವನ್ನು ಆ ಸಾಧನಗಳಿಗೆ ತುಂಬಬಾರದು ಎಂಬುದನ್ನು ಅಂದೇ ಹೇಳಿ.

ನಾವೂ ಕಲಿಯಬೇಕು

ಇದನ್ನು ಬರೆಯದಿದ್ದರೆ ಮಾರ್ಗದರ್ಶಿ ಅಪೂರ್ಣ. ವಿಧಾನಶಾಸ್ತ್ರದ ಉಪನ್ಯಾಸಕರು ತಾವು ಜಿಯೋಜೀಬ್ರಾ ಮುಟ್ಟದೆ 'ಐಸಿಟಿ ಸರ್ ಕಲಿಸುತ್ತಾರೆ' ಎಂದು ಬಿಟ್ಟರೆ, ಪ್ರಶಿಕ್ಷಣಾರ್ಥಿ ಓದಿಕೊಳ್ಳುವ ಸಂದೇಶ ಸ್ಪಷ್ಟ. ಎರಡನೇ ಹೆಜ್ಜೆಯ ಐದು ಕೆಲಸಗಳನ್ನು ಬೋಧಕ ವರ್ಗವೂ, ಪ್ರಾಂಶುಪಾಲರೂ ಸೇರಿ, ಒಂದು ಶನಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಾಡಿ ನೋಡಿ. ನಾನು ಸ್ಪ್ರೆಡ್‌ಶೀಟಿನಲ್ಲಿ ನಿಂತೆ. ಕಲಿಸಿದವನು ನಾನು ಪಾಠ ಮಾಡುತ್ತಿದ್ದ ಬ್ಯಾಚಿನದೇ ವಾಣಿಜ್ಯ ಪದವೀಧರ ಹುಡುಗ. ಅವನಿಗೆ ಅದು ಶಿಕ್ಷಕನಾಗಿ ಮೊದಲ ಪಾಠ ಎಂದು ಈಗಲೂ ಹೇಳುತ್ತಾನೆ.

ಆರನೇ ಹೆಜ್ಜೆ: ಹೋಗಿ ಬಂದವರಿಂದ ಬರೆಸಿಕೊಳ್ಳಿ

ಇಂಟರ್ನ್‌ಶಿಪ್‌ನ ಪ್ರತಿ ವಾರಕ್ಕೂ ಅರ್ಧ ಪುಟ ಸಾಕು. ಏನು ಬಳಸಬೇಕೆಂದಿದ್ದೆ, ಏನು ನಡೆಯಿತು, ಏನು ಗೊತ್ತಿದ್ದರೆ ಪಾಠ ಉಳಿಯುತ್ತಿತ್ತು. ಮೂರನೇ ಉತ್ತರವೇ ಮುಂದಿನ ಬ್ಯಾಚಿನ ಅಗತ್ಯಪಟ್ಟಿ. ಮರಳಿ ಬಂದ ವಾರ ಅದೇ ಐದು ಕೆಲಸಗಳನ್ನು ಮತ್ತೊಮ್ಮೆ ಕೊಟ್ಟು ಹಳೆಯ ಗುರುತುಗಳ ಪಕ್ಕದಲ್ಲಿ ಹೊಸ ಗುರುತು ಹಾಕಿ. ಬದಲಾಗದ ಕಡೆ ನಮ್ಮ ತರಬೇತಿ ತಪ್ಪಿದೆ, ಅಲ್ಲಿ ವಿಧಾನ ಬದಲಿಸಿ.

ಪ್ರತಿ ಶಾಲೆಯ ಹಾಳೆಯನ್ನೂ ಅಲ್ಲಿ ಇದ್ದು ಬಂದವರೇ ತಿದ್ದಲಿ: ಹೊಸ ಟಿವಿ ಬಂದಿದೆ, ಬೀಗದ ಕೈ ಈಗ ಹಿಂದಿ ಮೇಡಂ ಬಳಿ, ಎರಡನೇ ಕೋಣೆಯ ಸಾಕೆಟ್ ಸಡಿಲ. ತಿದ್ದಿದ ಹಾಳೆಗಳು, ಚೆನ್ನಾಗಿ ನಡೆದ ಪಾಠಗಳ ಯೂನಿಕೋಡ್ ಕಡತಗಳು, ಗಮಕದ ಧ್ವನಿ ತುಣುಕುಗಳು ಇವೆಲ್ಲ ಶಾಲೆಯ ಹೆಸರಿನ ಒಂದು ಫೋಲ್ಡರಿಗೆ ಸೇರಲಿ. ಜೂನಿಯರುಗಳು ಆ ಶಾಲೆಗೆ ಹೊರಡುವ ಮುನ್ನಾದಿನ ಸೀನಿಯರು ಎದುರು ಕೂತು ಅದನ್ನು ತೆರೆದು ತೋರಿಸಲಿ. ನಮ್ಮಲ್ಲಿ ಆ ಕೂಟಕ್ಕೆ ಒಂದು ಗಂಟೆ ಇಟ್ಟಿದ್ದೆವು. ಕಳೆದ ಸಲ ಕತ್ತಲಾದರೂ ಯಾರೂ ಎದ್ದಿರಲಿಲ್ಲ, ಕೊನೆಯ ಬಸ್ಸಿನ ಹೊತ್ತಾಯಿತೆಂದು ನಾನೇ ಎಬ್ಬಿಸಿ ಕಳಿಸಬೇಕಾಯಿತು.